ಮಾಮ ಊದಿದ ಉಸಿರು

ದೊಡ್ಡಬಳ್ಳಾಪುರ
9 ಸೆಪ್ಟೆಂಬರ್ 2024

ಕವಿತಾ,

ಫೋನಿನಲ್ಲಿ ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಮಾತಾಡಿದರೆ ನೀನು ಮಧ್ಯೆ ಮಧ್ಯೆ ಬಾಯಿ ಹಾಕಿ, "ಒಂದ್ ನಿಮಿಷ ಕೇಳೇ ಬಿಂದು" ಅಂತ ನನ್ನನ್ನು ಕರಗಿಸಿಬಿಡುತ್ತೀಯ. ಡಿಗ್ರಿ ಮುಗಿಯುವ ತನಕ ಹಾಸ್ಟೆಲಿನಲ್ಲಿ ಅದನ್ನೇ ಮಾಡಿದವಳು ನೀನು. ಕಾಗದವಾದರೆ ನನ್ನ ಮಾತು ಮುಗಿಯುವವರೆಗೆ ಸುಮ್ಮನೆ ಕೂತು ಓದಲೇಬೇಕು.

ಹೋದ ವಾರ ಇವರನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಇವರು ಅಂದರೆ ನನ್ನ ಗಂಡ ಅನಿಲ್‌ಕುಮಾರ್, ನೀನು ಪಾಸು ಮಾಡಿಕೊಟ್ಟ ಹುಡುಗ. ಮಳೆಗಾಲ ಶುರುವಾದಾಗಿನಿಂದ ಒಣ ಕೆಮ್ಮು. ಮಗ್ಗದ ಶೆಡ್ಡಿನಿಂದ ಮಹಡಿ ಹತ್ತುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. ಡಾಕ್ಟರು ಸ್ಕ್ಯಾನು ನೋಡಿ, ಶ್ವಾಸಕೋಶದ ಕೆಳಭಾಗ ಗಾಯ ಆರಿದ ಚರ್ಮದ ಹಾಗೆ ಗಟ್ಟಿಯಾಗಿದೆ, ನೂಲಿನ ಧೂಳು ಕಾರಣ ಇರಬಹುದು, ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ ಅಂದರು. "ಇದು ಈ ವರ್ಷದ್ದಲ್ಲಮ್ಮ, ಶುರುವಾಗಿ ಮೂರು ನಾಲ್ಕು ವರ್ಷ ಆಗಿರುತ್ತೆ" ಅಂತಲೂ ಅಂದರು. ನಾನು ಜಗಳಕ್ಕೇ ನಿಂತೆ. "ಸಾಧ್ಯಾನೇ ಇಲ್ಲ ಸಾರ್. ಮದುವೆಗೆ ಮುಂಚೆ ಮಷೀನಲ್ಲಿ ಊದಿಸಿ ನೋಡಿದಾರೆ. ನೋಡಿದವಳು ನನ್ ಫ್ರೆಂಡು, ಸೈಂಟಿಸ್ಟು" ಅಂದೆ. ಪಕ್ಕದಲ್ಲಿ ಇವರು ನೆಲ ನೋಡುತ್ತಾ ಕೂತಿದ್ದರು.

ಆ ಕ್ಯಾಂಪು ನಿನಗೆ ನೆನಪಿರಲೇಬೇಕು. ಹೋದ ವರ್ಷ ಜನವರಿ, ನಮ್ಮ ಬೀದಿಯ ಸಮುದಾಯ ಭವನ. ನೇಕಾರರಿಗೆ ಪುಕ್ಕಟೆ ಎದೆ ಪರೀಕ್ಷೆ, ಜೊತೆಗೆ ನಿಮ್ಮ ವಂಶವಾಹಿ ಅಧ್ಯಯನಕ್ಕೆ ಒಂದು ಟ್ಯೂಬು ರಕ್ತ. ಆಗ ಈ ಸಂಬಂಧದ ಮಾತುಕತೆ ನಡೆಯುತ್ತಿತ್ತು. ಹುಡುಗನ ತಂದೆ ದಮ್ಮಿನಿಂದ ಸತ್ತವರು ಅನ್ನುವ ಸುದ್ದಿ ಕಿವಿಗೆ ಬಿದ್ದು ಅಪ್ಪನಿಗೆ ಅನುಮಾನ ಹತ್ತಿತ್ತು. ನಮ್ಮೂರು ಅರಿಶಿನಕುಂಟೆಯಿಂದ ನೇರವಾಗಿ ನಿನ್ನ ಕ್ಯಾಂಪಿಗೇ ಬಂದ. "ಹುಡುಗನ್ ಎದೆ ಹೆಂಗೈತೆ ನೋಡ್ ಹೇಳಮ್ಮ, ನಿನ್ ಮಾತಿನ್ ಮೇಲೆ ಹೆಣ್ ಕೊಡ್ತೀನಿ" ಅಂದ. ನೀನು ಕಂಪ್ಯೂಟರು ನೋಡಿ, "ಇಡೀ ಬೀದಿಗೇ ಇವರ ಎದೆ ಫಸ್ಟು ಅಂಕಲ್, ಧೈರ್ಯವಾಗಿ ಕೊಡಿ" ಅಂದೆ. ಅಪ್ಪ ಆ ಮಾತನ್ನು ಊರೆಲ್ಲ ಹೇಳಿಕೊಂಡು ಬಂದ.

ಊದಿದ್ದು ಇವರಲ್ಲ. ಮುನಿರಾಜ್ ಮಾಮ, ನಮ್ಮ ಅತ್ತೆಯ ಕೊನೆಯ ತಮ್ಮ. ಇವರಿಗಿಂತ ನಾಲ್ಕೇ ವರ್ಷ ದೊಡ್ಡವರು, ಅದೇ ಮೂಗು, ಅದೇ ಮೀಸೆ. ಬೆಳಿಗ್ಗೆ ತಮ್ಮ ಹೆಸರಿನಲ್ಲಿ ಊದಿ ರಕ್ತ ಕೊಟ್ಟು ಹೋದವರು, ಮಧ್ಯಾಹ್ನ ಶರಟು ಬದಲಾಯಿಸಿ ಇವರ ಆಧಾರ್ ಕಾರ್ಡು ಹಿಡಿದು ಬಂದು ಇನ್ನೊಮ್ಮೆ ಊದಿ, ಇನ್ನೊಮ್ಮೆ ರಕ್ತ ಕೊಟ್ಟರು. ಆಸ್ಪತ್ರೆಯಿಂದ ನಾವು ವಾಪಸು ಬಂದ ದಿನ ಮಾಮನೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಹೇಳಿ ಅತ್ತರು.

ಈ ಮನೆಯವರು ನನಗೆ ಮೋಸ ಮಾಡಿದರು. ಅದನ್ನು ನಾನು ಇಲ್ಲಿ ನೋಡಿಕೊಳ್ಳುತ್ತೇನೆ. ಆದರೆ ಜಗಳದ ಮಧ್ಯೆ ಇವರ ಬಾಯಿಂದ ಒಂದು ಮಾತು ಜಾರಿತು. "ನಿನ್ ಫ್ರೆಂಡ್‌ಗೂ ಗೊತ್ತಿತ್ತು ಕಣೇ, ನನ್ನೊಬ್ಬನ್ನೇ ಯಾಕ್ ಬೈತೀಯ?" ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಕವಿತಾ, ನಿನಗೆ ಯಾವತ್ತು ಗೊತ್ತಾಯಿತು? ಇಷ್ಟೇ ನನ್ನ ಪ್ರಶ್ನೆ. ನಾನು ಪಾಠ ಮಾಡುವ ಶಾಲೆಯ ವಿಳಾಸಕ್ಕೆ ಬರಿ. ಮನೆಗೆ ಬಂದ ಕಾಗದವನ್ನು ಇಲ್ಲಿ ಎಲ್ಲರೂ ಒಡೆದು ಓದುತ್ತಾರೆ.

ಬಿಂದುಶ್ರೀ


ಬೆಂಗಳೂರು
21 ಸೆಪ್ಟೆಂಬರ್ 2024

ಪ್ರೀತಿಯ ಬಿಂದು,

ನಿನ್ನ ಕಾಗದ ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. ಅನಿಲ್ ಅವರ ವಿಷಯ ಕೇಳಿ ಬಹಳ ಸಂಕಟವಾಯಿತು. ಮೊದಲು ನಮ್ಮ ಕೆಲಸ ಏನು ಅಂತ ಹೇಳುತ್ತೇನೆ, ಆಗ ಉಳಿದದ್ದು ನಿನಗೆ ಅರ್ಥವಾಗುತ್ತದೆ.

ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಗೆ ಹೊಸದಾಗಿ ಔಷಧ ಕಂಡುಹಿಡಿಯಲು ಅರ್ಧ ಆಯಸ್ಸು ಬೇಕು. ಅಷ್ಟು ಕಾಯುವ ಶಕ್ತಿ ರೋಗಿಗಳಿಗಿಲ್ಲ. ಹಾಗಾಗಿ ಬೇರೆ ಯಾವುದೋ ಕಾಯಿಲೆಗೆ ಅಂತ ಆಗಲೇ ಅಂಗಡಿಯಲ್ಲಿರುವ ಹಳೆಯ ಮಾತ್ರೆ ಇದಕ್ಕೂ ಆದೀತಾ ಅಂತ ನಾವು ಹುಡುಕುತ್ತೇವೆ. ಸಾವಿರಾರು ಮಾತ್ರೆಗಳಲ್ಲಿ ಯಾವುದು ಅಂತ ದಾರಿ ತೋರಿಸುವುದು ಜನರ ರಕ್ತ. ಒಂದೇ ಶೆಡ್ಡಿನಲ್ಲಿ ಒಂದೇ ಧೂಳು ಕುಡಿದ ಇಬ್ಬರಲ್ಲಿ ಒಬ್ಬನ ಎದೆ ಕೆಡುತ್ತದೆ, ಇನ್ನೊಬ್ಬನದು ಚೆನ್ನಾಗಿಯೇ ಇರುತ್ತದೆ. ಆ ಇನ್ನೊಬ್ಬನ ವಂಶವಾಹಿಯಲ್ಲಿ ಏನಿದೆ ಅಂತ ನೋಡಲಿಕ್ಕೇ ನಿಮ್ಮ ಬೀದಿಗೆ ಬಂದದ್ದು.

ಅಕ್ಕನ ಮಗಳನ್ನು ತಂದುಕೊಳ್ಳುವ ಮನೆಗಳು ನಮಗೆ ಬಹಳ ಮುಖ್ಯ. ಪ್ರತಿ ವಂಶವಾಹಿಗೂ ನಮ್ಮಲ್ಲಿ ಎರಡು ಪ್ರತಿ ಇರುತ್ತವೆ, ತಾಯಿಯದೊಂದು, ತಂದೆಯದೊಂದು. ಎರಡೂ ಕೆಲಸ ನಿಲ್ಲಿಸಿರುವವರು ಸಿಗುವುದು ಅಪರೂಪ. ಒಳಸಂಬಂಧದ ಮದುವೆಯಲ್ಲಿ ಹುಟ್ಟಿದವರಲ್ಲಿ ಅಂಥವರು ಸಿಗುತ್ತಾರೆ. ನಿಮ್ಮ ಮುನಿರಾಜ್ ಮಾಮನ ತಂದೆ ಮುನಿರಾಮಯ್ಯನವರು ಸ್ವಂತ ಅಕ್ಕನ ಮಗಳನ್ನೇ ಮದುವೆಯಾದವರು. ಶ್ವಾಸಕೋಶಕ್ಕೆ ಪೆಟ್ಟಾದಾಗ ಅಲ್ಲಿ ಗಟ್ಟಿ ಕಲೆ ಕಟ್ಟಿಸುವ ಒಂದು ಪ್ರೋಟೀನಿದೆ. ಅದು ಮಾಮನ ಮೈಯಲ್ಲಿ ಹುಟ್ಟಿನಿಂದಲೂ ಇಲ್ಲ. ಅದಿಲ್ಲದೆ ಇಷ್ಟು ವರ್ಷ ಆರೋಗ್ಯವಾಗಿ ಬದುಕಿದ್ದಾರೆ. ಹಾಗಾದರೆ ಬೇರೆಯವರಲ್ಲಿ ಅದನ್ನು ಔಷಧದಿಂದ ತಡೆದರೂ ದೊಡ್ಡ ಅಪಾಯ ಇರಲಾರದು ಅಂತ ನಮಗೆ ಧೈರ್ಯ ಬಂತು. ತಡೆಯುವ ಮಾತ್ರೆಯೊಂದು ಚರ್ಮದ ಕಾಯಿಲೆಗೆ ಅಂತ ಹಿಂದಿನಿಂದಲೂ ಇದೆ. ಅದನ್ನೀಗ ಎದೆಯ ರೋಗಿಗಳಿಗೆ ಕೊಟ್ಟು ಪರೀಕ್ಷೆ ಮಾಡುವ ಸಿದ್ಧತೆ ನಡೆದಿದೆ. ಮಾಮನಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿಯೇ ಅವರ ವಿಷಯವನ್ನು ಬರೆಯುತ್ತಿದ್ದೇನೆ.

ಇನ್ನು ನಿನ್ನ ಪ್ರಶ್ನೆ. ಹೌದು, ಎರಡು ಹೆಸರಿನ ಟ್ಯೂಬುಗಳಲ್ಲಿ ಒಬ್ಬರದೇ ರಕ್ತವಿದೆ ಅಂತ ಪರೀಕ್ಷೆ ಮಾಡಿದಾಗ ತಿಳಿಯಿತು. ಆದರೆ ಒಬ್ಬರ ರಕ್ತದ ವಿಚಾರವನ್ನು ಇನ್ನೊಬ್ಬರಿಗೆ, ಹೆಂಡತಿಗೇ ಆಗಲಿ, ಹೇಳುವ ಹಾಗಿಲ್ಲ. ಅದಕ್ಕೆ ಸಹಿ ಹಾಕಿಯೇ ಕೆಲಸಕ್ಕೆ ಸೇರಿದ್ದೇನೆ. ಆ ನಿಯಮ ಇಲ್ಲದಿದ್ದರೆ ನಮ್ಮನ್ನು ನಂಬಿ ಯಾರೂ ಕೈ ಚಾಚುವುದಿಲ್ಲ. ನನ್ನ ಜಾಗದಲ್ಲಿ ನಿಂತು ಯೋಚಿಸು ಬಿಂದು. ಅನಿಲ್ ಅವರನ್ನು ಧೂಳಿನಿಂದ ದೂರ ಇಡು, ಈಗ ಎಲ್ಲಕ್ಕಿಂತ ಮುಖ್ಯ ಅದು.

ನಿನ್ನ
ಕವಿ


ದೊಡ್ಡಬಳ್ಳಾಪುರ
3 ಅಕ್ಟೋಬರ್ 2024

ಕವಿತಾ,

ಪಾಠ ಚೆನ್ನಾಗಿತ್ತು. ನಮ್ಮ ಎಂಟನೇ ಕ್ಲಾಸಿನವರಿಗೆ ಓದಿ ಹೇಳಿದರೆ ಅವರಿಗೂ ಅರ್ಥವಾಗುತ್ತದೆ. ಒಂದೇ ಕೊರತೆ. ನಾನು ಕೇಳಿದ್ದು ಯಾವತ್ತು ಅಂತ. ನಿನ್ನ ಇಡೀ ಕಾಗದದಲ್ಲಿ ತಾರೀಖು ಇರುವುದು ತಲೆಯ ಮೇಲೆ ಮಾತ್ರ.

ನಿನ್ನ ಜಾಗದಲ್ಲಿ ನಿಂತು ನೋಡಿದೆ. ಒಬ್ಬರ ವಿಚಾರ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ ಅಲ್ಲವಾ? ಹಾಗಾದರೆ ಅವತ್ತು ನಮ್ಮಪ್ಪನಿಗೆ ಯಾಕೆ ಹೇಳಿದೆ? ಅಪ್ಪ ಆ ಹುಡುಗನಿಗೆ ಹೆಂಡತಿಯೂ ಅಲ್ಲ, ಮಾವನೂ ಆಗಿರಲಿಲ್ಲ. ಒಳ್ಳೆಯ ಸುದ್ದಿ ಹೇಳುವಾಗ ನಿನ್ನ ನಿಯಮ ಊಟಕ್ಕೆ ಹೋಗಿತ್ತಾ? ಕೆಟ್ಟ ಸುದ್ದಿ ಬಂದ ಕೂಡಲೇ ವಾಪಸು ಬಂದು ಬಾಗಿಲಿಗೆ ಅಡ್ಡ ಕೂತುಕೊಂಡಿತಾ? ಮಾಮನಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆಯಂತೆ. ಬಹಳ ಸಂತೋಷ. ನನ್ನ ಮದುವೆಗೆ ನನ್ನ ಒಪ್ಪಿಗೆಯನ್ನೂ ಹಾಗೇ ಪೂರ್ತಿ ವಿಷಯ ತಿಳಿಸಿ ಕೇಳಬಹುದಿತ್ತು.

ಇಲ್ಲಿಯ ಕತೆ ಕೇಳು. ಅತ್ತೆಗೆ ತಾವು ಮೋಸ ಮಾಡಿದ್ದೇವೆ ಅಂತಲೇ ಅನ್ನಿಸುವುದಿಲ್ಲ. ನಾನು ಕೂಗಾಡಿದರೆ ನನ್ನ ಮುಖವನ್ನೇ ಆಶ್ಚರ್ಯದಿಂದ ನೋಡುತ್ತಾರೆ. "ಅವ್ನ್ ಬೇರೆ ಇವ್ನ್ ಬೇರೆನಾ ಕಣಮ್ಮಿ? ಒಂದೇ ರಕ್ತ. ನಾನೂ ಅವ್ನೂ ಒಂದೇ ಹೊಟ್ಟೇಲಿ ಹುಟ್ಟಿದ್ದು, ನನ್ ಹೊಟ್ಟೇಲಿ ಇವ್ನ್ ಹುಟ್ಟಿದ್ದು. ನನ್ ತಮ್ಮ ಕೊಟ್ರೆ ನನ್ ಮಗ ಕೊಟ್ಟಂಗೇ" ಅನ್ನುತ್ತಾರೆ. ನಿಜವಾಗಿಯೂ ಹಾಗೇ ನಂಬಿದ್ದಾರೆ. ಇವರ ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆ ಬೇಕು ಅಂತ ಐದು ವರ್ಷದ ಮಾಮನ ತೊಡೆಯ ಮೇಲೇ ಕೂರಿಸಿದರಂತೆ, ಇಬ್ಬರೂ ಸೇರಿಕೊಂಡು ಅತ್ತರಂತೆ. ಇವರ ತಂದೆ ಹೋದಾಗ ಮಗ್ಗ ನಿಲ್ಲದ ಹಾಗೆ ನೋಡಿಕೊಂಡದ್ದೂ ಮಾಮ. "ಇವ್ನ್ ಕೈಲಾಗ್ದೇ ಇದ್ದಿದ್ನೆಲ್ಲ ಅವ್ನೇ ಮಾಡ್ಕೊಂಡ್ ಬಂದವ್ನೆ, ಊದೋದೊಂದ್ ದೊಡ್ಡದಾ?" ಅಂತ ನನ್ನನ್ನೇ ಕೇಳುತ್ತಾರೆ. ನೀನಾದರೆ ಎರಡು ಪ್ರತಿ ಅಂತ ಗೋಡೆಯ ಮೇಲೆ ಬರೆದು ವಿವರಿಸುತ್ತಿದ್ದೆಯೇನೋ. ನಾನು ಪಾತ್ರೆ ಕುಕ್ಕಿ ಹೊರಗೆ ಬಂದೆ.

ಇನ್ನು ಇವರ ವಿಷಯ. ಕೆಮ್ಮು ಬಂದರೆ ಎದ್ದು ಶೆಡ್ಡಿಗೆ ಹೋಗಿ ಮಗ್ಗಗಳ ಸದ್ದಿನೊಳಗೆ ಕೆಮ್ಮುತ್ತಾರೆ. ನಾನು ಮದುವೆಯಾಗಿ ಬಂದ ದಿನದಿಂದಲೂ ಹಾಗೇ ಮಾಡುತ್ತಿದ್ದರು ಅಂತ ಈಗ ಹೊಳೆಯುತ್ತಿದೆ. ಊಟದ ನಡುವೆ ಎದ್ದು, "ನೂಲ್ ಕಿತ್ತೋಯ್ತು ಅನ್ಸುತ್ತೆ, ನೋಡ್ಕೊಂಡ್ ಬರ್ತೀನಿ" ಅಂತ ಹೋಗುತ್ತಿದ್ದರು. ಎಂಥ ದುಡಿಯುವ ಗಂಡ ಸಿಕ್ಕಿದ ಅಂತ ನಾನು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಯಾವತ್ತು, ಕವಿತಾ?

ಬಿಂದುಶ್ರೀ


ಬೆಂಗಳೂರು
5 ನವೆಂಬರ್ 2024

ಬಿಂದು,

2023ರ ಏಪ್ರಿಲ್. ನಿನ್ನ ಲಗ್ನಪತ್ರಿಕೆ ಆಗಲೇ ನನ್ನ ಮೇಜಿನ ಮೇಲಿತ್ತು.

ಟ್ಯೂಬಿಗೆ ಹೆಸರು ಅಂಟಿಸುವಾಗ ತಪ್ಪಾಗಿರಬೇಕು ಅಂದುಕೊಂಡು ಅನಿಲ್ ಅವರಿಗೇ ಫೋನ್ ಮಾಡಿದೆ. ರಕ್ತ ಕೊಟ್ಟವರ ಜೊತೆ ಮಾತಾಡಲು ನಿಯಮದಲ್ಲಿ ಅಡ್ಡಿಯಿಲ್ಲ. ಅವರು ಒಂದು ಕ್ಷಣವೂ ಸುಳ್ಳು ಹೇಳಲಿಲ್ಲ. ಮಾಮ ಬಂದು ಹೋದದ್ದನ್ನು ಹೇಳಿದರು, ತಮಗೆ ಕೆಮ್ಮು ಇರುವುದನ್ನೂ ಹೇಳಿದರು. "ಬಿಂದೂಗೆ ನನ್ ಬಾಯಿಂದಾನೇ ಹೇಳ್ತೀನಿ ಮೇಡಂ, ನೀವ್ ಹೇಳ್ಬೇಡಿ" ಅಂತ ಅತ್ತರು. ನಾನು ಸರಿ ಅಂದೆ. ಹೇಳುತ್ತಾರೆ ಅಂತ ನಂಬಿದೆ. ನಂಬಿದರೆ ನನಗೆ ಅನುಕೂಲವಿತ್ತು, ಅದೂ ನಿಜ.

ಮದುವೆಗೆ ಬಂದೆ. ಧಾರೆಯಾದ ಮೇಲೆ ಸ್ಟೇಜಿಗೆ ಬಂದು ಕೈ ಕುಲುಕಿದಾಗ ಅವರು ನನ್ನ ಕಣ್ಣು ನೋಡಲಿಲ್ಲ. ಹೇಳಿಲ್ಲ ಅಂತ ಆಗಲೇ ಗೊತ್ತಾಯಿತು. ನೀನು ನನ್ನ ಕೈ ಹಿಡಿದೆಳೆದು ಫೋಟೋಗೆ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ನಿಂತೆ. ಊಟ ಮಾಡಿ ಬಸ್ಸು ಹತ್ತಿದೆ.

ಅಪ್ಪನಿಗೆ ಯಾಕೆ ಹೇಳಿದೆ ಅಂತ ಕೇಳಿದ್ದೀಯ. ರಜೆಗೆ ನಿನ್ನ ಜೊತೆ ಅರಿಶಿನಕುಂಟೆಗೆ ಬಂದಾಗಲೆಲ್ಲ ನಾನು ನಿಮ್ಮ ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತು ಊಟ ಮಾಡಿದವಳು. ನೀನೂ ತಟ್ಟೆ ತಂದು ನನ್ನ ಜೊತೆ ಕೂರುತ್ತಿದ್ದೆ, ಮರೆತಿಲ್ಲ. ಅದರ ಬಗ್ಗೆ ನೀನೂ ಒಂದು ಮಾತು ಆಡಲಿಲ್ಲ, ನಾನೂ ಆಡಲಿಲ್ಲ. ಕ್ಯಾಂಪಿನ ದಿನ ನಿಮ್ಮಪ್ಪ ಅಪ್ಪಯ್ಯಣ್ಣನವರು ತಾವೇ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ನಿನ್ ಮಾತಿನ್ ಮೇಲೆ" ಅಂದರು. ಸಮೇತನಹಳ್ಳಿಯ ಆವಲಪ್ಪನ ಮಗಳು ನಾನು, ನನ್ನ ಮಾತಿನ ಮೇಲೆ ಹೆಣ್ಣು ಕೊಡುತ್ತೇನೆ ಅಂದರು. ಬಿಂದು, ಆಗ ನನಗೆ ಯಾವ ನಿಯಮವೂ ನೆನಪಾಗಲಿಲ್ಲ. ಆಮೇಲೆ ಆ ಮಾತು ಸುಳ್ಳು ಅಂತ ಅವರೆದುರು ಹೋಗಿ ಹೇಳುವ ಧೈರ್ಯವೂ ಬರಲಿಲ್ಲ.

ಒಂದು ಕೆಲಸದ ಮಾತು. ಆ ಹಳೆಯ ಮಾತ್ರೆಯ ಪರೀಕ್ಷೆಗೆ ಈಗ ರೋಗಿಗಳನ್ನು ಆರಿಸುತ್ತಿದ್ದಾರೆ. ಕಾಯಿಲೆ ತೀರ ಮುಂದುವರಿದವರನ್ನು ಸೇರಿಸಿಕೊಳ್ಳುವುದಿಲ್ಲ. ಕ್ಯಾಂಪಿನಲ್ಲಿ ಎದೆ ಕೆಟ್ಟಿದೆ ಅಂತ ಕಂಡವರಿಗೆಲ್ಲ ಕರೆ ಹೋಗಿದೆ. ಅನಿಲ್ ಅವರ ಹೆಸರಿನಲ್ಲಿ ಮಾಮನ ಎದೆ ಇದ್ದದ್ದರಿಂದ ಅವರಿಗೆ ಹೋಗಲಿಲ್ಲ. ಈಗಲಾದರೂ ಬರಲಿ. ತಡವಾದಷ್ಟೂ ಕಷ್ಟ.

ಕವಿತಾ


ದೊಡ್ಡಬಳ್ಳಾಪುರ
14 ನವೆಂಬರ್ 2024

ಕವಿತಾ,

ಓದಿದೆ. ಧಾರೆಗೆ ಮುಂಚೆ ಒಂದು ಮಾತು ಸಾಕಿತ್ತು. ಕೇಳಿದ ಮೇಲೂ ಇವರನ್ನೇ ಮದುವೆಯಾಗುತ್ತಿದ್ದೆನೋ ಏನೋ, ನನಗೆ ಇವರು ಅಷ್ಟು ಇಷ್ಟವಾಗಿದ್ದರು. ಆದರೆ ಆ ತೀರ್ಮಾನ ನನ್ನದಾಗಿರುತ್ತಿತ್ತು. ನೀವಿಬ್ಬರೂ ಫೋನಿನಲ್ಲಿ ಮಾತಾಡಿಕೊಂಡು ಅದನ್ನು ನನ್ನ ಕೈಯಿಂದ ಕಿತ್ತುಕೊಂಡಿರಿ.

ಅಪ್ಪನ ಕುರ್ಚಿಯ ವಿಷಯ ಓದಿ ಅತ್ತುಬಿಟ್ಟೆ. ಅತ್ತದ್ದಕ್ಕೆ ಸಿಟ್ಟು ಇಳಿಯಿತು ಅಂದುಕೊಳ್ಳಬೇಡ.

ಇನ್ನೊಂದು ಪ್ರಶ್ನೆ ಉಳಿದಿದೆ. ನೀನು ಆಗ ಬಾಯಿ ಬಿಟ್ಟಿದ್ದರೆ ಮದುವೆ ಮುರಿದು ಬೀಳುತ್ತಿತ್ತು, ಈ ಮನೆಯವರು ರೇಗಿ ತಮ್ಮ ರಕ್ತವನ್ನೆಲ್ಲ ವಾಪಸು ಕೇಳುತ್ತಿದ್ದರು. ಮಾಮನ ರಕ್ತವೂ ಹೋಗುತ್ತಿತ್ತು. ನಿನ್ನ ಮಾತ್ರೆಗೆ ದಾರಿ ತೋರಿಸಿದ ರಕ್ತ. ಸುಮ್ಮನಿದ್ದದ್ದು ಅದಕ್ಕೂ ತಾನೆ? ಹೌದು, ಇಲ್ಲ, ಎರಡರಲ್ಲಿ ಒಂದು ಬರಿ. ಪಾಠ ಬೇಡ.

ನಾಳೆ ಅರಿಶಿನಕುಂಟೆಗೆ ಹೋಗುತ್ತಿದ್ದೇನೆ. ಯಾಕೆ ಬಂದೆ ಅಂತ ಅಪ್ಪನಿಗೆ ನಾನು ಹೇಳುವುದಿಲ್ಲ. ಹೇಳಬೇಕಾದವರು ಬಂದು ಹೇಳಲಿ.

ಬಿಂದುಶ್ರೀ


ದೊಡ್ಡಬಳ್ಳಾಪುರ
18 ಜನವರಿ 2025

ಕವಿತಾ ಮೇಡಂ ಅವರಿಗೆ ಅನಿಲ್‌ಕುಮಾರ್ ಮಾಡುವ ನಮಸ್ಕಾರಗಳು.

ಬಿಂದು ತವರಿಗೆ ಹೋಗಿ ಎರಡು ತಿಂಗಳಾಯಿತು. ಸಂಕ್ರಾಂತಿಗೆ ಎಳ್ಳು ಬೀರಲಿಕ್ಕಾದರೂ ಬರುತ್ತಾಳೆ ಅಂತ ಅಮ್ಮ ಹೊಸ ಸೀರೆ ತೆಗೆದಿಟ್ಟುಕೊಂಡು ಕಾದರು. ಬರಲಿಲ್ಲ. ಶಾಲೆಗೆ ಅಲ್ಲಿಂದಲೇ ಬಸ್ಸಿನಲ್ಲಿ ಓಡಾಡುತ್ತಾಳೆ. ಗೇಟಿನ ಹತ್ತಿರ ಹೋಗಿ ನಿಂತರೆ, "ಅಪ್ಪಂಗೆ ಹೇಳಿದ್ರಾ?" ಅಂತ ಕೇಳುತ್ತಾಳೆ. ಇಲ್ಲ ಅಂದರೆ ಒಳಗೆ ಹೋಗುತ್ತಾಳೆ.

ನಾನು ಕೆಟ್ಟವನಲ್ಲ ಮೇಡಂ. ನಮ್ಮ ಮನೆಗೆ ಈ ಬೀದಿಯಲ್ಲಿ ದಮ್ಮಿನ ಮನೆ ಅಂತ ಹೆಸರು. ನಮ್ಮ ಅಪ್ಪ ಕೆಮ್ಮಿ ಕೆಮ್ಮಿ ಹೋದದ್ದನ್ನು ಎಲ್ಲರೂ ನೋಡಿದ್ದಾರೆ. ನನ್ನನ್ನು ನೋಡಲು ಬಂದ ಹೆಣ್ಣಿನ ಕಡೆಯವರು ಕಾಫಿ ಕುಡಿದು ಹೋದರೆ ಮತ್ತೆ ಫೋನ್ ಎತ್ತುತ್ತಿರಲಿಲ್ಲ. ಬಿಂದು ನಮ್ಮ ಮನೆಗೆ ಬಂದವಳು ಸೀದಾ ಶೆಡ್ಡಿಗೆ ಹೋಗಿ, "ಇದ್ರಲ್ಲಿ ಬಾರ್ಡರ್ ಹೆಂಗ್ ಬರುತ್ತೆ, ತೋರ್ಸಿ" ಅಂದಳು. ಇವಳು ಕೈ ತಪ್ಪಬಾರದು ಅಂತ ಆಗಲೇ ಅಂದುಕೊಂಡೆ. ನಿಮಗೆ ಮಾತು ಕೊಟ್ಟ ಮೇಲೆ ಪ್ರತಿ ದಿನ ಹೇಳಬೇಕು ಅಂತ ಹೊರಡುತ್ತಿದ್ದೆ. ಅವಳು ನಗುತ್ತಾ ಎದುರಿಗೆ ಬಂದರೆ ಬಾಯಿ ಕಟ್ಟಿಹೋಗುತ್ತಿತ್ತು. ಆಮೇಲಾಮೇಲೆ ನನಗೆ ಕಾಯಿಲೆಯೇ ಇಲ್ಲ ಅಂತ ನಾನೇ ನಂಬಿಕೊಂಡೆ.

ಈಗ ಬರೆಯುತ್ತಿರುವ ಕಾರಣ ಏನೆಂದರೆ, ಆ ಮಾತ್ರೆಯ ಹೆಸರು ಪೇಪರಿನಲ್ಲಿ ಬಂದಿತ್ತು. ಪರಿಚಯದ ಮೆಡಿಕಲ್ ಸ್ಟೋರಿನವರು ಚೀಟಿ ಕೇಳದೆ ಕೊಟ್ಟರು. ಅಮ್ಮ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿ ಕೊಟ್ಟಿದ್ದಾರೆ. "ನಿನ್ ಮಾಮನ್ ರಕ್ತದಿಂದ ಬಂದದ್ದು ನಿಂಗಾಗ್ದೆ ಇನ್ಯಾರ್ಗಾಗುತ್ತೆ, ನುಂಗು" ಅನ್ನುತ್ತಾರೆ. ದಿನಕ್ಕೆ ಎಷ್ಟು ತಗೊಳ್ಳಬೇಕು, ಊಟಕ್ಕೆ ಮುಂಚೆಯೋ ಆಮೇಲೋ, ದಯವಿಟ್ಟು ತಿಳಿಸಿ. ನಾನು ಗುಣವಾದರೆ ಬಿಂದು ವಾಪಸು ಬರಬಹುದು.

ಇಂತಿ
ಅನಿಲ್‌ಕುಮಾರ್


ಬೆಂಗಳೂರು
23 ಜನವರಿ 2025

ಅನಿಲ್ ಅವರೇ,

ಒಂದು ಮಾತ್ರೆಯನ್ನೂ ನುಂಗಬೇಡಿ. ಅದರಲ್ಲಿ ಮಾಮನ ರಕ್ತವಿಲ್ಲ. ಮಾಮನ ರಕ್ತ ತೋರಿಸಿದ್ದು ದಾರಿ ಮಾತ್ರ, ಆ ದಾರಿ ಸರಿಯೋ ತಪ್ಪೋ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ನಿಮ್ಮ ಲಿವರಿಗೆ ತೊಂದರೆಯಾದೀತು. ಹೊರಗೆ ತಗೊಂಡು ನುಂಗಿದವರನ್ನು ಪರೀಕ್ಷೆಗೂ ಸೇರಿಸಿಕೊಳ್ಳುವುದಿಲ್ಲ.

ಪರೀಕ್ಷೆಯ ಬಾಗಿಲು ಇನ್ನೂ ಮುಚ್ಚಿಲ್ಲ. ನೀವೇ ಬರಬೇಕು, ನೀವೇ ಊದಬೇಕು. ಹಿಂದೆ ನಿಮ್ಮ ಹೆಸರಿನಲ್ಲಿ ಊದಿದವರು ಬೇರೆ ಅಂತ ಅಲ್ಲಿನ ಡಾಕ್ಟರಿಗೆ ನೀವೇ ಹೇಳಬೇಕು. ಪೂರ್ತಿ ವಿಷಯ ಗೊತ್ತಿರುವ ಒಬ್ಬರು ಪರೀಕ್ಷೆ ಮುಗಿಯುವವರೆಗೆ ಮನೆಯಿಂದ ಪ್ರತಿ ಸಲ ಜೊತೆಗೆ ಬರಬೇಕು. ಬಂದವರಲ್ಲಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ಅದೇ ಬಣ್ಣದ, ಔಷಧವೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಾಗುವುದಿಲ್ಲ, ಕೊಡುವ ಡಾಕ್ಟರಿಗೂ ಇಲ್ಲ, ನನಗೂ ಇಲ್ಲ. ವರ್ಷ ಕಳೆದ ಮೇಲೆ ಬಿಚ್ಚಿ ನೋಡುತ್ತಾರೆ.

ನಡೆದದ್ದನ್ನೆಲ್ಲ ನನ್ನ ಮೇಲಿನವರಿಗೆ ಹೇಳಿದ್ದೇನೆ. ಇನ್ನು ಮುಂದೆ ನಾನು ಜನರ ಮುಂದೆ ಹೋಗುವ ಕೆಲಸದಲ್ಲಿಲ್ಲ. ಒಳಗೆ ಕೂತು ಅಂಕಿ ನೋಡುವುದಷ್ಟೇ ನನ್ನ ಪಾಲಿಗೆ ಉಳಿದಿದೆ.

ನಿಮ್ಮ ಮಾವನವರ ಹತ್ತಿರ ಹೋಗಿ. ಬಿಂದು ಕೇಳುತ್ತಿರುವುದು ಗುಣವಾದ ಗಂಡನನ್ನಲ್ಲ.

ಕವಿತಾ


ಬೆಂಗಳೂರು
23 ಜನವರಿ 2025

ಬಿಂದು,

ಹೌದು.

ಕವಿತಾ


ದೊಡ್ಡಬಳ್ಳಾಪುರ
6 ಏಪ್ರಿಲ್ 2025

ಕವಿ,

ನಿನ್ನ ಒಂದು ಪದದ ಕಾಗದ ಬಂತು. ನೀನು ಬರೆದವುಗಳಲ್ಲಿ ಅದೇ ಚೆನ್ನಾಗಿತ್ತು. ಓದಿ ಬಹಳ ನೋವಾಯಿತು, ಆದರೂ ಚೆನ್ನಾಗಿತ್ತು.

ಫೆಬ್ರವರಿಯಲ್ಲಿ ಒಂದು ಭಾನುವಾರ ಇವರು ಮಾಮನ ಜೊತೆ ಅರಿಶಿನಕುಂಟೆಗೆ ಬಂದರು. ಅಪ್ಪ ಹಸುವಿಗೆ ಬೂಸಾ ಕಲಸುತ್ತಿದ್ದ. ಮಾಮ ಅಭ್ಯಾಸಬಲದಿಂದ ಮುಂದೆ ಬಂದು, "ಅದೇನಾಯ್ತಂದ್ರೆ ಅಣ್ಣಾ..." ಅಂತ ಶುರು ಮಾಡಿದರು. ಇವರು ಮಾಮನ ತೋಳು ಹಿಡಿದು ಹಿಂದಕ್ಕೆ ಸರಿಸಿ, "ನೀನ್ ಸುಮ್ಕಿರು ಮಾಮ, ನಾನ್ ಹೇಳ್ತೀನಿ" ಅಂದರು. ನಿಂತುಕೊಂಡೇ ಎಲ್ಲ ಹೇಳಿದರು. ಮಧ್ಯೆ ಉಸಿರು ಸಾಲದೆ ನಿಲ್ಲುತ್ತಿದ್ದರು, ಮತ್ತೆ ಹೇಳುತ್ತಿದ್ದರು. ನಾನು ಬಾಗಿಲಲ್ಲಿದ್ದೆ. ಇವರು ನನ್ನೆದುರು ಹೊಟ್ಟೆ ತುಂಬ ಕೆಮ್ಮಿದ್ದು ಅವತ್ತೇ ಮೊದಲು.

ಅಪ್ಪ ಏನು ಅಂದ ಅಂತ ನಿನಗೆ ತಿಳಿಯಬೇಕು, ಮುಚ್ಚಿಟ್ಟರೆ ನಾನೂ ನಿಮ್ಮ ಸಾಲಿಗೇ ಸೇರುತ್ತೇನೆ. ಅಳಿಯನಿಗೆ ಒಂದು ಬೈಗುಳವೂ ಬೀಳಲಿಲ್ಲ. ಕೈ ತೊಳೆದುಕೊಂಡು ಬಂದು, "ಆ ಹುಡುಗಿ ಮಾತ್ ನಂಬಿದ್ದೇ ನನ್ ತಪ್ಪು. ಅವ್ರನ್ನ ಎಲ್ಲಿಡ್ಬೇಕೋ ಅಲ್ಲೇ ಇಟ್ಟಿದ್ರೆ ಇದೆಲ್ಲ ಆಗ್ತಿರಲಿಲ್ಲ" ಅಂದ. ಸುಳ್ಳು ಹೇಳಿದವರು ನಮ್ಮವರು, ಊದಿದವರು ನಮ್ಮವರು, ಬೈಗುಳ ಮಾತ್ರ ಸಮೇತನಹಳ್ಳಿಗೆ ಹೋಯಿತು. ನಾನು ಕೇಳಿಸಿಕೊಂಡು ನಿಂತಿದ್ದೆ. ಬಾಯಿ ಬಿಡಲಿಲ್ಲ. ಇವರು ಆಗಲೇ ನಿಲ್ಲಲಾರದೆ ಕಟ್ಟೆ ಹಿಡಿದುಕೊಂಡಿದ್ದರು, ಇನ್ನೊಂದು ಜಗಳ ಬೇಡ ಅಂತ ನನಗೆ ನಾನೇ ಹೇಳಿಕೊಂಡೆ. ಸುಮ್ಮನಿರುವುದಕ್ಕೆ ನನಗೂ ಒಳ್ಳೆಯ ಕಾರಣ ಸಿಕ್ಕಿತು ನೋಡು. ಇದರಿಂದ ನಾವಿಬ್ಬರೂ ಸಮ ಆದೆವು ಅಂತ ತಿಳಿಯಬೇಡ. ನನಗೆ ನಿನ್ನ ಮೇಲಿನ ಸಿಟ್ಟೂ ಇದೆ, ನಾಚಿಕೆಯೂ ಇದೆ, ಒಂದು ಇನ್ನೊಂದನ್ನು ಕಡಿಮೆ ಮಾಡುತ್ತಿಲ್ಲ.

ಪರೀಕ್ಷೆಗೆ ಇವರ ಜೊತೆ ನಾನೇ ಹೋದೆ. ಕೊಳವೆ ಬಾಯಿಗಿಟ್ಟು ಊದುವಾಗ ಕುತ್ತಿಗೆಯ ನರವೆಲ್ಲ ಉಬ್ಬಿ ಕಣ್ಣಲ್ಲಿ ನೀರು ಬಂತು. ಪರದೆಯ ಮೇಲೆ ಗೆರೆ ಸ್ವಲ್ಪ ಏರಿ ಬಿದ್ದುಹೋಯಿತು. ಹೊರಗೆ ಬೆಂಚಿನ ಮೇಲೆ ಮಾಮ ಕೂತಿದ್ದರು. ಕಿಟಕಿಯಿಂದ ನೋಡಿದರೆ ಅವರೂ ಇವರ ಜೊತೆಗೇ ಕೆನ್ನೆ ಉಬ್ಬಿಸಿ ಊದುತ್ತಿದ್ದರು. ನನಗೆ ನಗು ಬಂತು, ನಕ್ಕುಬಿಟ್ಟೆ. ಡಾಕ್ಟರು ಅಂಕಿ ನೋಡಿ, "ಅಂಚಿನಲ್ಲಿದ್ದಾರೆ, ತಗೊಳ್ತೀವಿ. ಎರಡು ವರ್ಷದ ಹಿಂದೆ ಬಂದಿದ್ರೆ ಚೆನ್ನಾಗಿತ್ತು" ಅಂದರು. ಆ ಎರಡು ವರ್ಷ ಎಲ್ಲಿ ಹೋಯಿತು ಅಂತ ಆ ಕೋಣೆಯಲ್ಲಿ ನಮ್ಮಿಬ್ಬರಿಗೂ ಗೊತ್ತಿತ್ತು.

ದೊಡ್ಡಬಳ್ಳಾಪುರಕ್ಕೆ ವಾಪಸು ಬಂದಿದ್ದೇನೆ. ಮಹಡಿಯ ಸಣ್ಣ ಕೋಣೆಯಲ್ಲಿ ಒಬ್ಬಳೇ ಮಲಗುತ್ತೇನೆ. ಬೆಳಿಗ್ಗೆ ತಿಂಡಿಯಾದ ಮೇಲೆ ಮಾತ್ರೆ ಕೊಡುವುದು ನಾನು. ಅದರಲ್ಲಿ ಔಷಧವಿದೆಯೋ ಸುಣ್ಣದ ಪುಡಿಯೋ ಗೊತ್ತಿಲ್ಲ. ಇವರಿಗೂ ಗೊತ್ತಿಲ್ಲ. ಡಾಕ್ಟರಿಗೂ, ನಿನಗೂ ಗೊತ್ತಿಲ್ಲ ಅಂತ ಬರೆದಿದ್ದೀಯ, ಇವರು ಆ ಕಾಗದವನ್ನು ನನಗೆ ಓದಲು ಕೊಟ್ಟರು. ಈ ಮನೆಯ ವಿಷಯವೊಂದು ನಮ್ಮೆಲ್ಲರಿಗೂ ಒಂದೇ ಸಲ ಗೊತ್ತಿಲ್ಲದೆ ಇರುವುದು ಇದೇ ಮೊದಲು. ಅದರಿಂದ ನನಗೆ ಒಂದು ಥರ ಸಮಾಧಾನವಿದೆ.

ವರ್ಷ ಕಳೆದು ಬಿಚ್ಚಿ ನೋಡುವ ದಿನ ನಿನಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಅವತ್ತು ನನಗೆ ಬರೆಯಬೇಡ. ಫೋನೂ ಮಾಡಬೇಡ, ನಂಬರು ಇನ್ನೂ ಬ್ಲಾಕಿನಲ್ಲೇ ಇದೆ. ಹೇಳಬೇಕಾದವರು ಇವರನ್ನು ಕರೆದು, ಒಬ್ಬರನ್ನೇ ಕೂರಿಸಿ ಹೇಳಲಿ. ಅವತ್ತು ನಾನು ಜೊತೆಗೆ ಬರುವುದಿಲ್ಲ, ಮಾಮನನ್ನೂ ಕಳಿಸುವುದಿಲ್ಲ.

ಇವರು ಬಸ್ಸಿಳಿದು ಬರುವ ಹೊತ್ತಿಗೆ ನಾನು ಅಡುಗೆಮನೆಯಲ್ಲಿರುತ್ತೇನೆ. ಏನೂ ಕೇಳುವುದಿಲ್ಲ. ಇವರಾಗಿ ಬಂದು ಹೇಳಿದರೆ, ಮಾತ್ರೆ ಯಾವುದೇ ಆಗಿದ್ದಿರಲಿ, ನಾನು ಈ ಮನೆಯಲ್ಲಿ ಇರುತ್ತೇನೆ. ಕೈಕಾಲು ತೊಳೆದುಕೊಂಡು ನೂಲು ಕಿತ್ತುಹೋಗಿದೆ ಅಂತ ಶೆಡ್ಡಿಗೆ ಹೋದರೆ, ಅವತ್ತೇ ಹೊರಡುತ್ತೇನೆ.

ಬಿಂದು